ಹೊತ್ತು ಮುಳುಗುವ ಮುಂಚಿನ ಹನಿ

ನಾನೊಂದು ಕಣ್ಣಿನ ಔಷಧದ ಶೀಶೆ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವನು, ಆದರೆ ಜಂಬಕ್ಕೇನೂ ಕಡಿಮೆಯಿಲ್ಲ. ಧೂಳು ಸುಳಿಯದ ಕಾರ್ಖಾನೆಯೊಂದರಲ್ಲಿ ನನ್ನೊಳಗೆ ಟಿಮೊಲಾಲ್ ತುಂಬಿ, ಮುಚ್ಚಳ ಬಿಗಿದು ಕಳಿಸಿದರು. ಗ್ಲಾಕೋಮಾ ಬಂದವರ ಕಣ್ಣಿನೊಳಗಿನ ಒತ್ತಡ ಇಳಿಸುವುದು ನನ್ನ ಕಸುಬು. ಹೋದ ದೃಷ್ಟಿಯನ್ನು ತರಲಾರೆ, ಇರುವುದನ್ನು ಕಾಯಬಲ್ಲೆ.

ಧಾರವಾಡದ ಔಷಧದಂಗಡಿಯಲ್ಲಿ ನನ್ನನ್ನು ಕೊಂಡವಳು ತ್ರಿಶಲಾ, ತನ್ನ ಅತ್ತೆ ಜಿನ್ನವ್ವನಿಗಾಗಿ. ಕಸೂತಿಯಲ್ಲಿ ಜಿನ್ನವ್ವನದು ಎತ್ತಿದ ಕೈ. ಬಟ್ಟೆಯ ಎಳೆ ಎಣಿಸಿ, ಎಲ್ಲೂ ಗಂಟು ಹಾಕದೆ, ಹಿಂದೆ ಮುಂದೆ ಒಂದೇ ತೆರನಾಗಿ ಆನೆ, ಗೋಪುರ ಮೂಡಿಸುವವಳು. ನನಗಿಂತ ಮೊದಲು ಆ ಮನೆಗೆ ಬಂದ ಶೀಶೆ ಸೋತಿತ್ತು. ಈ ಸಲವೂ ಒತ್ತಡ ಇಳಿಯದಿದ್ದರೆ ಆಪರೇಷನ್ನೇ ಗತಿ, ತಡವಾದರೆ ಕಣ್ಣೇ ಹೋದೀತು ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು.

ಸೋತದ್ದೇಕೆಂದು ನನಗೆ ಮೊದಲ ದಿನವೇ ತಿಳಿಯಿತು. ಬೆಳಿಗ್ಗೆ ಜಿನ್ನವ್ವ ಸರಿಯಾಗಿಯೇ ಹನಿ ಹಾಕಿಕೊಂಡಳು. ದೀಪ ಹಚ್ಚಿದ ಮೇಲೆ ಸೊಸೆ ಮತ್ತೆ ಕೊಟ್ಟಾಗ ತಲೆ ಎತ್ತಿದಳು, ನನ್ನನ್ನು ಕಣ್ಣ ಮೇಲೆ ಹಿಡಿದಳು, ಹಿಂಡಲೇ ಇಲ್ಲ. ಒಣಗಣ್ಣನ್ನು ಸೆರಗಿನಿಂದ ಒರೆಸಿಕೊಂಡು ಮುಚ್ಚಳ ಹಾಕಿದಳು. ಎಂಥ ನಾಟಕ! ನನಗೆ ಮೈಯೆಲ್ಲ ಉರಿದುಹೋಯಿತು.

ಎರಡು ದಿನ ಕಳೆಯುವುದರೊಳಗೆ ತ್ರಿಶಲಾ ಇದನ್ನು ಕಂಡುಬಿಟ್ಟಳು. ಬೈಯಲಿಲ್ಲ, ಪಕ್ಕದಲ್ಲಿ ಕೂತು ಯಾಕೆಂದು ಕೇಳಿದಳು.

“ಹೊತ್ತು ಮುಳುಗಿದ ಮ್ಯಾಲೆ ನೀರೂ ಮುಟ್ಟಂಗಿಲ್ಲ ನಾ. ಇದು ಗಂಟಲಿಗೆ ಕಹಿ ಇಳೀತೈತಿ. ಕಣ್ಣು ಉಳಿಸಾಕ ಹೋಗಿ ಬಸದ್ಯಾಗ ತಗೊಂಡ ವ್ರತ ಮುರೀಲೇನ?”

ಮರುದಿನವೇ ಸೊಸೆ ಅವಳನ್ನು ಡಾಕ್ಟರಮ್ಮನ ಮುಂದೆ ಕೂರಿಸಿದಳು. ಅವರು ನಗಲಿಲ್ಲ. ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ ಒಮ್ಮೆ, ಹೊತ್ತು ಮುಳುಗುವ ಮುಂಚೆ ಊಟದ ಜೊತೆಗೆ ಇನ್ನೊಮ್ಮೆ ಹಾಕಿದರಾಯಿತು ಎಂದರು. ಹನಿ ಬಿದ್ದೊಡನೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಹಿಡಿಯಲು ಕಲಿಸಿದರು. ಹಾಗೆ ಹಿಡಿದರೆ ಔಷಧ ಗಂಟಲಿಗೆ ಇಳಿಯುವುದು ಕಡಿಮೆ.

ಆಮೇಲೆ ನೋಡಬೇಕಿತ್ತು ನಮ್ಮ ಜೋಡಿಯನ್ನು! ಅಂಗಳದಲ್ಲಿ ಬಿಸಿಲಿರುವಾಗಲೇ ಜಿನ್ನವ್ವ ರೊಟ್ಟಿ ಮುಗಿಸಿ, ತಾನೇ ನನ್ನನ್ನು ಕೇಳಿ ತರಿಸಿಕೊಳ್ಳುತ್ತಿದ್ದಳು.

ತಿಂಗಳ ಕೊನೆಗೆ ಡಾಕ್ಟರಮ್ಮ ಅಳೆದರು, ನಂಬಿಕೆಯಾಗದೆ ಮತ್ತೊಮ್ಮೆ ಅಳೆದರು. ಒತ್ತಡ ಇಳಿದಿತ್ತು. ಆಪರೇಷನ್ ಬೇಡ, ಹನಿ ಮಾತ್ರ ಬಿಡಬಾರದು ಎಂದರು. ಜಿನ್ನವ್ವ ಅವರ ಎರಡೂ ಕೈ ಹಿಡಿದುಕೊಂಡಳು.

“ಒಂದು ಸೀರಿ ಕಳಸ್ರಿ ಬಾಯಾರ. ಸೆರಗಿನ ತುಂಬ ಆನಿ ಹಾಕಿ ಕೊಡ್ತೀನಿ.”

ಈಗ ನಾನು ಕಸದ ಬುಟ್ಟಿಯಲ್ಲಿದ್ದೇನೆ. ನನ್ನ ಜಾಗಕ್ಕೆ ಹೊಸಬ ಬಂದಿದ್ದಾನೆ. ಪಡಸಾಲೆಯಲ್ಲಿ ಜಿನ್ನವ್ವ ಎಳೆ ಎಣಿಸುವುದು ಇಲ್ಲಿಗೂ ಕೇಳಿಸುತ್ತದೆ. ನನ್ನೊಳಗೆ ಒಂದು ಹನಿಯೂ ಉಳಿದಿಲ್ಲ. ಔಷಧದ ಶೀಶೆಯಾಗಿ ಹುಟ್ಟಿದವನಿಗೆ ಹೀಗೆ ಖಾಲಿಯಾಗಿ ಹೋಗುವುದಕ್ಕಿಂತ ದೊಡ್ಡ ಗೆಲುವು ಇನ್ನೇನು ಬೇಕು?