ಹುರಿ

ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಇತ್ತ ಬರುವುದಿಲ್ಲ, ಎಪ್ಪತ್ತೊಂಬತ್ತರ ಈ ಜೂನ್ ಸೆಕೆಯಲ್ಲಿ ಮದರಾಸಿನ ಗಿಂಡಿಯ ಇಂಜಿನಿಯರಿಂಗ್ ಕಾಲೇಜಿನ ವರಾಂಡದಲ್ಲಿ ಇನ್ನೆಷ್ಟು ಹೊತ್ತು ಕೂರುವುದು, ಅಯ್ಯೋ ದೇವರೇ, ಜಲಜಾ ಕತ್ತು ಒರೆಸಿಕೊಂಡಳು, ಪಕ್ಕದಲ್ಲಿ ಮಗಳು ಊರ್ಮಿಳಾ ಕಾಲು ಅಲ್ಲಾಡಿಸುತ್ತಲೇ ಇದ್ದಾಳೆ — ಮಾರ್ಕ್ಸಿಗೆ ಏನು ಕಮ್ಮಿ, ಹೊಸಬರ ಮುಂದೆ ನಿಂತರೆ ಬಾಯಿಗೆ ಬೀಗ, ಮೊನ್ನೆ ಇನ್ನೊಂದು ಕಾಲೇಜಿನ ಇಂಟರ್‌ವ್ಯೂನಲ್ಲಿ ಹೆಸರು ಕೇಳಿದರೂ ಉತ್ತರ ಹೊರಡಲಿಲ್ಲವಂತೆ, ಸೀಟು ಹೋಯಿತು, ಉಳಿದದ್ದು ಇದೊಂದೇ. ಬೆಳಿಗ್ಗೆ ರೈಲ್ವೆ ಆಫೀಸಿಗೆ ಹೊರಟ ಗಂಡ ಚಪ್ಪಲಿ ಮೆಟ್ಟುತ್ತಾ, ಬೈಬೇಡ ಮಾರಾಯ್ತಿ, ಒಂಚೂರ್ ಹುರಿದುಂಬ್ಸ್ ಅವ್ಳನ್ನ, ಅಂದುಬಿಟ್ಟರು, ಅವರಿಗೇನು, ಹೇಳಿ ಹೋದರಾಯಿತು, ಹುರಿದುಂಬಿಸುವುದೆಂದರೆ ಸ್ಟವ್ವಿಗೆ ಸೀಮೆಎಣ್ಣೆ ತುಂಬಿದ ಹಾಗೆಯೇ? ಪಲ್ಲಾವರಂನಲ್ಲಿ ರೈಲು ಹತ್ತಿದಾಗಿನಿಂದ ತುಂಬಿದ್ದೇ ತುಂಬಿದ್ದು — ನಿಂಗೆಂತ ಕಮ್ಮಿ ಮಗಾ, ಗಟ್ಟಿ ಮಾತಾಡ್, ತಲೆ ಎತ್ತ್ — ಕೊನೆಗೆ ಹುಡುಗಿ, ಪೋದುಮ್ಮಾ, ಸಾಕು ಸಾಕೆಂದು ಎಂದಿನಂತೆ ತಮಿಳಲ್ಲೇ ಸಿಡುಕಿ ಕಿಟಕಿಗೆ ಮುಖ ತಿರುಗಿಸಿದಳು.

ಹುರಿ, ಹುರಿ ಅಂದರೆ ಹಗ್ಗ ಹೊಸೆಯುವಾಗ ಹಾಕುವ ತಿರುಚು ಅಲ್ಲವೇ, ಕುಂದಾಪುರದ ಜಗಲಿಯಲ್ಲಿ ಅಮ್ಮಮ್ಮ ತೆಂಗಿನ ನಾರು ಹೊಸೆಯುತ್ತಾಳೆ, ತೊಡೆಯ ಮೇಲೆ ಅಂಗೈಯಡಿ ಎರಡು ಎಳೆ ಒಟ್ಟಿಗೆ ಉರುಳುತ್ತವೆ, ಹುರಿ ತುಂಬುತ್ತದೆ, ಹುರಿದುಂಬಿಸು ಎಂಬ ಮಾತು ಹುಟ್ಟಿದ್ದು ಅಂಥದೇ ಯಾವುದೋ ತೊಡೆಯ ಮೇಲೆ ಇರಬೇಕು, ಪುಟ್ಟ ಜಲಜಾ ಒಂದೇ ಎಳೆಯನ್ನು ತಿರುಚಿ ತಿರುಚಿ, ಕಾಣ್ ಅಮ್ಮಮ್ಮ ಎಂದರೆ, ಒಂದೇ ಎಳೆಗೆ ಎಷ್ಟ್ ಹುರಿ ಹಾಕಿರೂ ಬಿಟ್ ಕೂಡ್ಲೆ ಬಿಚ್ಚಿ ಹೋತ್ತ್ ಹೆಣ್ಣೇ, ಎನ್ನುತ್ತಾಳೆ ಅಮ್ಮಮ್ಮ — ಥೂ, ಬೆಳಗಿನಿಂದ ತಾನು ಮಾಡಿದ್ದೂ ಅದೇ, ಅವಳೊಬ್ಬಳನ್ನೇ ತಿರುಚಿದ್ದು, ತನ್ನ ಎಳೆ ಎಲ್ಲಿತ್ತು, ಮದರಾಸಿಗೆ ಬಂದ ಹೊಸದರಲ್ಲಿ ತಮಿಳು ಬಾರದೆ ತರಕಾರಿಯವಳ ಮುಂದೆ ಬಾಯಿ ಕಟ್ಟಿ, ಬರಿಗೈಯಲ್ಲಿ ಮನೆಗೆ ಬಂದು ಅತ್ತದ್ದನ್ನು ಇವಳಿಗೆ ಯಾವತ್ತಾದರೂ ಹೇಳಿದ್ದುಂಟೇ, ಅಮ್ಮನ ಮರ್ಯಾದೆ ಹೋಗುತ್ತದಲ್ಲ, ಈಗ ಹೇಳಲೇ, ಹೊತ್ತೆಲ್ಲಿದೆ, ಊರ್ಮಿ, ನಂಗೂ ಹಿಂಗೇ ಆಯ್ತ್ ಮಗಾ ಇಲ್ಲಿಗ್ ಬಂದಾಗ, ಬಾಯಿ ಬಿಡೂಕೇ ಆಯ್ಲಿಲ್ಲ, ಈಗ್ಲೂ ಎದೆ ಡಬಡಬ ಅಂತಾ ಇತ್ತ್ — ಹುಡುಗಿಯ ಕಾಲು ನಿಂತಿತು, ತಿರುಗಿದಳು, ನಿನಗಾ? ಕನ್ನಡದಲ್ಲಿ ಕೇಳಿದಳು, ಕನ್ನಡದಲ್ಲಿ — ಅಷ್ಟರಲ್ಲಿ ಜವಾನ ಬಾಗಿಲು ತೆರೆದು ಹೆಸರು ಕೂಗುತ್ತಾನೆ, ಇನ್ನೊಂದು ಗಳಿಗೆ ಕೊಡಬಾರದೇ ಪುಣ್ಯಾತ್ಮ, ಊರ್ಮಿಳಾ ಎದ್ದಳು, ಬಿಡಮ್ಮಾ, ನಾ ಹೋತೆ, ಯಾರು ಯಾರ ಕೈ ಹಿಡಿದಿದ್ದಾರೆ, ಅವಳಲ್ಲ, ಜಲಜಾಳ ಐದು ಬೆರಳೂ ಮಗಳ ಮಣಿಕಟ್ಟಿನ ಸುತ್ತ, ಬಿಡಬೇಕು, ಜವಾನ ಮತ್ತೆ ಕೂಗಿದ, ಬಿಡಬೇಕು, ಬಿಟ್ಟ ಕೂಡಲೇ — ಬೆರಳು ಬಿಚ್ಚುತ್ತಿಲ್ಲ.