ನೀರು ಹಾಲು

ಚಳಿಗಾಲದ ಮಂಜು ಇನ್ನೂ ದಾರಿ ಬಿಟ್ಟಿರಲಿಲ್ಲ. ಡೇರಿಯ ಮುಂದೆ ಕ್ಯಾನು ಹಿಡಿದವರ ಸಾಲು. ಹಾಲು ಅಳೆಯುವವನು ಪ್ರತಿಯೊಬ್ಬರ ಹಾಲನ್ನೂ ಉದ್ದನೆಯ ಲೋಟಕ್ಕೆ ಸುರಿದು, ಗಾಜಿನ ಕಡ್ಡಿ ತೇಲಿಬಿಟ್ಟು ಡಿಗ್ರಿ ನೋಡುತ್ತಿದ್ದ. ನೀರು ಬೆರೆತಿದ್ದರೆ ಕಡ್ಡಿ ಕೆಳಗಿಳಿಯುತ್ತದೆ.

ಅವನ ಚಿಕ್ಕಮ್ಮನ ಸರದಿ ಬಂತು. ತಾಯಿ ಹಾಸಿಗೆ ಹಿಡಿದಾಗ ಅವನನ್ನು ಸಾಕಿದವಳು ಅವಳೇ. ಕ್ಯಾನು ಇಳಿಸಿ ಫೋನು ಮುಂದೆ ಚಾಚಿದಳು.

"ಇದಕ್ಕೇನೋ ರೋಗ ಬಂದಿದೆ ನೋಡೋ ಮಗಾ. ಆ ಹಾಸ್ಟೆಲ್ ಅಡುಗೆಯವನು ಮೊನ್ನೆ ಹಸು ನೋಡಿ, ದಿನಾ ಹಾಲು ನಿಮ್ಮತ್ರಾನೇ ಅಂತ ನಂಬರ್ ಕೊಟ್ಟು ಹೋಗಿದ್ನಲ್ಲ. ನಿನ್ನೆ ಫೋನ್ ಮಾಡಿದ್ರೆ ನಗ್ತಾನೆ. ನಿಮ್ಮ ಹೆಸರೇ 'ನೀರು ಹಾಲು ಚಿಕ್ಕಮ್ಮ' ಅಂತ ಬರ್ತಿದೆ, ನಂಗೆ ಬೇಡಮ್ಮ ಅಂದ."

ಹೆಸರು ಕೇಳಿದ್ದೇ ಅವನು ಲೋಟ ಕೆಳಗಿಟ್ಟ.

ಊರಲ್ಲಿ ಒಂದೇ ಹೆಸರಿನವರು ಮನೆಗೊಬ್ಬರು. ಹಾಗಾಗಿ ಅವನು ಎಲ್ಲರನ್ನೂ ತನಗೆ ತೋಚಿದ ಗುರುತಿನಿಂದ ಫೋನಿನಲ್ಲಿ ಸೇರಿಸಿಕೊಂಡಿದ್ದ. ಒಂದು ಮಳೆಗಾಲದಲ್ಲಿ ಚಿಕ್ಕಮ್ಮನ ಕ್ಯಾನಿನ ಮುಚ್ಚಳ ಕಳೆದು, ದಾರಿಯಲ್ಲಿ ಮಳೆ ಬಿದ್ದು ಕಡ್ಡಿ ಮುಳುಗಿತ್ತು. ಅವತ್ತು ತಮಾಷೆಗೆ ಇಟ್ಟ ಹೆಸರದು. ಆಮೇಲೆ, ಬೇಡದ ಕರೆಗಳ ಕಾಟ ಹೆಚ್ಚಿತೆಂದು, ಕರೆ ಯಾರದೆಂದು ತೋರಿಸುವ ಆ್ಯಪ್ ಹಾಕಿಕೊಂಡ. ನಿಮ್ಮ ಫೋನಿನ ಹೆಸರು, ನಂಬರುಗಳನ್ನು ನೋಡಬಹುದೇ ಎಂದು ಅದು ಕೇಳಿತ್ತು. ಓದದೆ ಒತ್ತಿದ್ದ. ತಾನು ಫೋನಿನಲ್ಲಿ ಇಟ್ಟುಕೊಂಡ ಹೆಸರುಗಳು ಆ ಆ್ಯಪ್ ಇರುವವರಿಗೆಲ್ಲ ಕಾಣುತ್ತವೆಂದು ಈಗ ತಿಳಿಯಿತು.

ಫೋನು ಹಳೆಯದಾಗಿದೆ ಎಂಬ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಚಿಕ್ಕಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ರೋಗ ನಿನ್ನ ಫೋನಿಗಲ್ಲ ಚಿಕ್ಕಮ್ಮ. ಆ ಹೆಸರು ನಾನೇ ಇಟ್ಟಿದ್ದು."

ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಹೇಳಿದ. ಹಿಂದೆ ನಿಂತಿದ್ದ ಮಾವನೊಬ್ಬ ಕೆಮ್ಮಿದ. "ಹಂಗಾದ್ರೆ ನನ್ನನ್ನ ಏನಂತ ಬರ್ಕೊಂಡಿದೀಯಪ್ಪಾ?"

'ಗೊಣಗು ಮಾವ' ಎಂದು ಬರೆದಿದ್ದ ಫೋನನ್ನು ಅವನು ಜೇಬಿಗೆ ಸೇರಿಸಿದ. ಒಂದಿಬ್ಬರು ನಕ್ಕರು. ಚಿಕ್ಕಮ್ಮ ನಗಲಿಲ್ಲ, ಬೈಯಲೂ ಇಲ್ಲ. ಹಾಲು ಸುರಿದು ಖಾಲಿ ಕ್ಯಾನು ಎತ್ತಿಕೊಂಡು ಹೋದಳು.

ಕೆಲಸ ಮುಗಿಸಿ ಅವನು ಬೇರೆಯಾಗಿ ತೆಗೆದಿಟ್ಟಿದ್ದ ಅವಳ ಹಾಲನ್ನೂ ಕಡ್ಡಿಯನ್ನೂ ಹಿಡಿದು ಹಾಸ್ಟೆಲಿಗೆ ಹೋದ. ಅಡುಗೆಯವನ ಎದುರೇ ಅಳೆದು ತೋರಿಸಿದ. ಕಡ್ಡಿ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು.

"ಹಾಲು ಚೆನ್ನಾಗಿದೆ ಕಣಯ್ಯ. ಆದ್ರೆ ಬೆಳಿಗ್ಗೇನೇ ಬೇರೆಯವರಿಗೆ ಮಾತು ಕೊಟ್ಟಾಯ್ತು," ಎಂದ ಅಡುಗೆಯವನು ತನ್ನ ಫೋನಿನಲ್ಲಿದ್ದ ಆ ಹೆಸರನ್ನು ತೋರಿಸಿದ. "ಮೊದ್ಲು ಇದನ್ನ ಅಳಿಸು ನೋಡೋಣ."

ಹಾಲು ಅಳೆಯುವವನು ತನ್ನ ಫೋನಿನಲ್ಲಿ ಹೆಸರು ಬದಲಿಸಿದ, ಆ್ಯಪನ್ನೇ ತೆಗೆದುಹಾಕಿದ. ಅಡುಗೆಯವನ ಪರದೆಯ ಮೇಲೆ 'ನೀರು ಹಾಲು ಚಿಕ್ಕಮ್ಮ' ಹಾಗೇ ಇದ್ದಳು.

ಮರುದಿನ ಚಿಕ್ಕಮ್ಮ ಎಂದಿನಂತೆ ಸಾಲಿನಲ್ಲಿ ನಿಂತಿದ್ದಳು. ಹಾಸ್ಟೆಲಿನ ಸುದ್ದಿ ಅವನು ಹೇಳುವ ಮೊದಲೇ ಅವಳಿಗೆ ಮುಟ್ಟಿತ್ತು.

"ತಪ್ಪಾಯ್ತು ಚಿಕ್ಕಮ್ಮ."

"ಅದಿರ್ಲಿ. ಡಿಗ್ರಿ ಜೋರಾಗಿ ಓದಪ್ಪ. ಎಲ್ಲಾರ್ಗೂ ಕೇಳ್ಲಿ."

ಅವನು ಜೋರಾಗಿ ಓದಿದ. ಅಂದಿನಿಂದ ದಿನವೂ ಓದುತ್ತಾನೆ. ಅವಳು ಕೇಳಿಸಿಕೊಂಡು ಹೋಗುತ್ತಾಳೆ. ಮಗಾ ಎಂದು ಮಾತ್ರ ಕರೆಯುವುದಿಲ್ಲ.