ಗಾಲಿಗೆ ಕಟ್ಟಿದ ಬಾವಿಹಗ್ಗ

ಬಾವಿಯ ಹಗ್ಗ ಬಿಚ್ಚಿ ತಂದು ಮೋಟಾರಿನ ಹಿಂದಿನ ಗಾಲಿಗೆ ಸುತ್ತುತ್ತ ಕೂತಿದ್ದ ಗಂಡನನ್ನು ಕಾಶೀಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ತ್ರ್ಯಂಬಕರಾಯರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಹಗ್ಗ ಗಾಲಿಯ ಕಡ್ಡಿಗಳ ನಡುವೆ ಎಲ್ಲಿ ತೂರುತ್ತದೆ ಎಂಬುದನ್ನು ಅವರು ಬೆರಳಿನಿಂದಲೇ ಹುಡುಕುತ್ತಿದ್ದರು.

“ಇನ್ನ ನೀರು ಹೆಂಗ ಸೇದೂದ್ರಿ?” ಎಂದಳು.

“ಇವತ್ತ ನೀನೂ ಮನ್ಯಾಗ ಇರೂದಿಲ್ಲ, ನಾನೂ ಇರೂದಿಲ್ಲ. ಬಾವಿಗೂ ಒಂದಿನ ಸೂಟಿ ಇರಲಿ ಬಿಡು.”

ರಾಯರು ಹರೆಯದಲ್ಲಿ ಎಡಿನ್‌ಬರೋದಲ್ಲಿ ಓದಿದವರು. ಅಲ್ಲಿ ಹಿಮ ಬಿದ್ದ ದಿನ ಗೆಳೆಯನೊಬ್ಬ ತನ್ನ ಪುಟ್ಟ ಕಾರಿನ ಗಾಲಿಗೆ ಸರಪಳಿ ಕಟ್ಟಿಕೊಂಡು ಗುಡ್ಡ ಏರಿದ ಕಥೆಯನ್ನು ಧಾರವಾಡದ ಸಪ್ತಾಪುರದಲ್ಲಿ ಕೇಳದವರಿರಲಿಲ್ಲ. ದೊಡ್ಡ ದೊಡ್ಡ ಗಾಡಿಗಳು ದಾರಿಯಲ್ಲಿ ಅಡ್ಡಬಿದ್ದಿದ್ದಾಗ ಅವನ ಗಾಡಿ ಮಾತ್ರ ಆಡಿನ ಮರಿಯ ಹಾಗೆ ಮೇಲೆ ಹೋಯಿತಂತೆ. “ಗಾಡಿ ಸಣ್ಣದೋ ದೊಡ್ಡದೋ ಅನ್ನೂದು ಮುಖ್ಯ ಅಲ್ಲ ಕಾಶಿ, ಟಾಯರು ನೆಲಾ ಹಿಡೀಬೇಕು, ಅಷ್ಟ” ಎಂದು ಈಗಲೂ ಅದನ್ನೇ ಹೇಳಿದರು. ಅವರ ಬೇಬಿ ಆಸ್ಟಿನ್ ಮೋಟಾರಿನ ಟಾಯರುಗಳು ಸವೆದು ಬಳಪದ ಕಲ್ಲಿನಷ್ಟು ನುಣುಪಾಗಿದ್ದವು. ಯುದ್ಧ ಶುರುವಾದ ಮೇಲೆ ಹೊಸವು ಸಿಗುತ್ತಿರಲಿಲ್ಲ. ಮೋಟಾರು ರಿಪೇರಿಯ ಖಾದರಬಾಷಾನನ್ನು ಕೇಳಿದ್ದಕ್ಕೆ, “ಬಾಯಾರ, ನನ್ನ ಚರ್ಮಾ ಸುಲದು ಕಟ್ಟೇನು, ಟಾಯರ್ ಮಾತ್ರ ಕೇಳಬ್ಯಾಡ್ರಿ” ಎಂದು ಕೈಮುಗಿದಿದ್ದ.

ಹೋಗಬೇಕಾದದ್ದು ಅಣ್ಣಿಗೇರಿ ದಾಟಿ ಹೊಸಕೇರಿಗೆ, ಕಾಶೀಬಾಯಿಯ ತಂಗಿ ಗೋದಾಬಾಯಿಯ ಅತ್ತೆಯ ಮನೆಗೆ. ಗೋದಾ ಮದುವೆಯಾದ ನಾಲ್ಕನೇ ವರ್ಷಕ್ಕೇ ಗಂಡನನ್ನು ಕಳಕೊಂಡವಳು. ಆಮೇಲೆ ಆ ಮನೆಯಲ್ಲಿ ಅವಳ ಜಾಗ ಒಲೆಯ ಮುಂದೆ ಮಾತ್ರ. ಕಾಶೀಬಾಯಿಯೇ ಹಟ ಹಿಡಿದು ಅವಳನ್ನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂಡಿಸಿದ್ದಳು. ಗೋದಾ ಪಾಸಾಗಿದ್ದಳು. ನಾಳೆ ಮುಂಜಾನೆ ಧಾರವಾಡದಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜಿನವರು ಅವಳನ್ನು ಮಾತಾಡಿಸಿ ನೋಡುವವರಿದ್ದರು. ಸೇರಿಸಿಕೊಂಡರೆ ಮುಂದೆ ಮಾಸ್ತರಿಣಿಯಾಗಿ ತನ್ನ ಅನ್ನ ತಾನು ಉಣ್ಣಬಹುದು.

ಆದರೆ ಗೋದಾಳ ಮಾವ ಪಂಢರಿನಾಥರಾಯರು ಒಂದು ಮಾತಿಟ್ಟಿದ್ದರು. “ಒಬ್ಬಾಕಿನ್ನ ಕಳಸೂದಿಲ್ಲ. ಅಮಾವಾಸಿ ದಿವಸ ಹೊತ್ತು ಮುಳುಗೂದ್ರಾಗ ಅವರಕ್ಕ ತಾನು ಬಂದು ಕರಕೊಂಡು ಹೋಗಲಿ. ಬರಲಿಲ್ಲಂದ್ರ ಮರುದಿನ ನಾವು ಪಂಢರಪುರಕ್ಕ ಹೊರಡತೇವಿ, ಗೋದಾನೂ ಬರ್ತಾಳ. ಚಾತುರ್ಮಾಸ ಅಲ್ಲೇ.”

ಕೇಳಿದರೆ ಉದಾರವಾದ ಮಾತು. ಆದರೆ ಅದು ಮಣ್ಣೆತ್ತಿನ ಅಮಾವಾಸ್ಯೆ. ಆ ದಿನ ಮನೆಮನೆಯಲ್ಲಿ ಎರೆಮಣ್ಣಿನ ಎತ್ತು ಮಾಡಿ ಪೂಜಿಸುತ್ತಾರೆ. ನಿಜವಾದ ಎತ್ತಿನ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ರೈಲಿನಲ್ಲಿ ಅಣ್ಣಿಗೇರಿಗೆ ಬಂದವರಿಗೆ ಮುಂದಿನ ಏಳು ಮೈಲಿಗೆ ಬಂಡಿ ಸಿಗುವುದಿಲ್ಲ. ಮುದುಕರು ದಿನ ಆರಿಸಿದ್ದು ಪಂಚಾಂಗ ನೋಡಿಯೇ ಎಂದು ಕಾಶೀಬಾಯಿಗೆ ಗೊತ್ತಿತ್ತು. ಗೊತ್ತಾದ ದಿನವೇ ಅವಳು ಮೋಟಾರಿನಲ್ಲಿ ಹೋಗುವುದೆಂದು ತೀರ್ಮಾನಿಸಿದ್ದಳು.

ಮೋಟಾರು ಅವಳೇ ನಡೆಸುತ್ತಿದ್ದಳು. ಗಂಡನ ಕಣ್ಣು ಮಂಜಾದಾಗ, ಪಾಠ ಹೇಳಲು ಅವರನ್ನು ಕಾಲೇಜಿಗೆ ಮುಟ್ಟಿಸುವವರು ಬೇರೆ ಯಾರಿದ್ದರು? ಮೊದಮೊದಲು ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. “ಸಾರಥಿಬಾಯಿ ಹೊಂಟರು ನೋಡ್ರೇ” ಎಂದು ನಗುತ್ತಿದ್ದರು. ಈಗ ಅದೇ ಹೆಂಗಸರು ದವಾಖಾನೆಗೆ ಹೋಗಬೇಕಾದಾಗ ಅವಳ ಪಕ್ಕದಲ್ಲಿ ಕೂಡುತ್ತಿದ್ದರು. ಆದರೆ ಊರ ಬೀದಿ ಬೇರೆ, ಹಿಂದಿನ ರಾತ್ರಿ ಮಳೆ ಸುರಿದ ಎರೆಯ ದಾರಿ ಬೇರೆ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸ್ಟೇರಿಂಗಿನ ಚಕ್ರ ಹಿಡಿದಳು.

ಅಣ್ಣಿಗೇರಿಯವರೆಗೆ ಗಟ್ಟಿ ರಸ್ತೆ. ಹಗ್ಗದ ಗಾಲಿ ಟಪಟಪ ಸದ್ದು ಮಾಡುತ್ತ ಓಡಿತು. ಸ್ಟೇಶನ್ನಿನ ಹತ್ತಿರ ಬಂಡಿಗಳೆಲ್ಲ ಎತ್ತಿಲ್ಲದೆ, ಮುಂದಿನ ಮೂಕಿಮರ ನೆಲಕ್ಕೂರಿ ನಿಂತಿದ್ದವು. ಬಂಡಿಯ ನೆರಳಿನಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಶಿದ್ದಪ್ಪನೆಂಬ ಬಂಡಿಕಾರ ಎದ್ದು ಬಂದು ಗಾಲಿಯನ್ನು ನೋಡಿದ.

“ಇದೇನ್ರಿ ಬಾಯಾರ, ದನಕ್ಕ ಹಾಕಿದಂಗ ಮೋಟಾರಿಗೆ ದಾವಣಿ ಹಾಕೀರಿ? ಓಡಿ ಹೋಗ್ತದಂತೇನ್ರಿ?”

“ಹೊಸಕೇರಿ ದಾರಿ ಹೆಂಗದಪಾ?”

“ದಾರಿ ಎಲ್ಲೈತ್ರಿ? ಕೆಸರೈತಿ. ಹೊಳ್ಳಿ ಹೋಗ್ರಿ. ನಾಳಿಗಾದ್ರ ನಾನ ಬಂಡಿ ಹೂಡತೇನಿ.”

“ನಾಳೆ ನನಗ ಕೆಲಸಿಲ್ಲ” ಎಂದು ಕಾಶೀಬಾಯಿ ಗಾಡಿ ಮುಂದೆ ಬಿಟ್ಟಳು.

ಮೊದಲ ಮೈಲಿ ನಡೆಯಿತು. ರಾಯರು ಖುಷಿಯಿಂದ ತೊಡೆ ತಟ್ಟಿಕೊಂಡು, “ಹೇಳಿದ್ದಿಲ್ಲೇನು? ಹಿಡೀತು ನೋಡು ನೆಲಾ” ಎಂದರು. ಖರೇ, ಹಿಡಿದಿತ್ತು. ಹಿಡಿದದ್ದನ್ನು ಬಿಡಲೇ ಇಲ್ಲ. ಎರಡೂ ಬದಿಯ ಹೊಲ ಕಪ್ಪಗೆ ಮಿರುಗುತ್ತಿತ್ತು. ಅವಳು ಜಾಣತನವೆಂದುಕೊಂಡು, ನೀರಿಲ್ಲದ ಎತ್ತರದ ದಿಣ್ಣೆಯನ್ನೇ ಆರಿಸಿ ಗಾಡಿ ನಡೆಸುತ್ತಿದ್ದಳು. ಅರೆ ಒಣಗಿದ ಮಣ್ಣು ಹಗ್ಗದ ಸುತ್ತಿಗೆ ಮೆತ್ತಿಕೊಂಡಿತು, ಅದರ ಮೇಲೆ ಇನ್ನಷ್ಟು ಮೆತ್ತಿಕೊಂಡಿತು. ಗಾಲಿ ದಪ್ಪವಾಗುತ್ತ ದಪ್ಪವಾಗುತ್ತ ಮೇಲಿನ ತಗಡಿಗೆ ಹೋಗಿ ಕಚ್ಚಿತು. ಇಂಜಿನ್ನು ಒದರಿ ಸುಮ್ಮನಾಯಿತು.

ಇಬ್ಬರೂ ಇಳಿದು ಕಟ್ಟಿಗೆಯ ತುಂಡಿನಿಂದ ಮಣ್ಣು ಕೆತ್ತಿದರು. ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ಅದೇ. ಮತ್ತೆ ಕೆತ್ತಿದರು. ಮೂರನೆಯ ಸಲ ಕೆತ್ತುವಾಗ ಹೊತ್ತು ನೆತ್ತಿಯಿಂದ ಬಹಳ ಕೆಳಗೆ ವಾಲಿತ್ತು.

“ಹಗ್ಗ ಸಡಲಾಗೇದ” ಎಂದರು ರಾಯರು. “ಇನ್ನೊಂದು ಸುತ್ತು ಹಾಕೂಣು. ನಡನಡುವ ಗಂಟು ಇರಬೇಕು. ಸರಪಳಿಗೆ ಕೊಂಡಿ ಇರತಾವಲ್ಲ, ಹಂಗ.”

ಕಾಶೀಬಾಯಿ ದಾರಿಯ ಬದಿಗೆ ಹೋಗಿ ಕೂತು ಬಿಟ್ಟಳು. ಈಗ ಗೋದಾ ಏನು ಮಾಡುತ್ತಿರಬಹುದು? ಕಿಡಕಿಯಿಂದ ದಾರಿ ನೋಡುತ್ತಿರಬಹುದು. ಇಲ್ಲ, ಅವಳು ನೋಡುವವಳಲ್ಲ. ಅಕ್ಕ ಬರುತ್ತೇನೆ ಅಂದ ಮೇಲೆ ಬರುತ್ತಾಳೆ ಎಂದು ಟ್ರಂಕು ಕಟ್ಟಿ, ತಲೆಯ ಮೇಲೆ ಸೆರಗು ಹೊಚ್ಚಿ, ಸಂಜೆಯ ಅಡಿಗೆಗೆ ಕೂತಿರುತ್ತಾಳೆ. ನಡೆದು ಹೋಗೋಣವೆಂದರೆ, ಕಣ್ಣು ಕಾಣದ ಗಂಡನನ್ನು ಈ ಕೆಸರಿನಲ್ಲಿ ಕೈಹಿಡಿದು ಐದಾರು ಮೈಲಿ, ಅದೂ ಹೊತ್ತು ಮುಳುಗುವುದರೊಳಗೆ? ಆಗದ ಮಾತು.

ದಾರಿಯ ಬದಿಯ ತಗ್ಗಿನಲ್ಲಿ ಮಳೆಯ ನೀರು ಇನ್ನೂ ಹರಿಯುತ್ತಿತ್ತು. ಅವಳು ಕೈ ತೊಳೆದಳು. ಹಾಗೇ ಯೋಚನೆಯಿಲ್ಲದೆ ದಂಡೆಯ ಮಣ್ಣಿನ ಒಂದು ಮುದ್ದೆ ಕಿತ್ತು ಅಂಗೈಯಲ್ಲಿ ಉರುಳಿಸಿದಳು. ಹುಟ್ಟಿದಂದಿನಿಂದ ಈ ಅಮಾವಾಸ್ಯೆಗೆ ಎತ್ತು ಮಾಡಿದ ಕೈ ಅದು, ತಾನಾಗಿಯೇ ಕೆಲಸಕ್ಕೆ ಹತ್ತಿತು. ಮುದ್ದೆ ನುಣ್ಣಗೆ ಉರುಳಿತು. ಅಂಗೈಗೆ ಒಂದು ಚೂರೂ ಅಂಟಲಿಲ್ಲ.

ಅವಳು ಮುದ್ದೆಯನ್ನೂ ಕೈಯನ್ನೂ ನೋಡುತ್ತ ಕೂತಳು. ಗೋದಾ ನಾಲ್ಕೈದು ವರ್ಷದವಳಿದ್ದಾಗ ಒಂದು ಅಮಾವಾಸ್ಯೆಗೆ ತಾನು ತವರಿಗೆ ಹೋಗಿದ್ದು ನೆನಪಾಯಿತು. ಎತ್ತು ಮಾಡಲು ಹೋದ ಹುಡುಗಿಯ ಬೆರಳಿಗೆಲ್ಲ ಮಣ್ಣು ಮೆತ್ತಿಕೊಂಡು, ಎತ್ತಿನ ಕಾಲು ಕೈಗೇ ಕಿತ್ತು ಬಂದು, ಅಳು ಶುರುವಾಗಿತ್ತು. “ಒಣಾ ಕೈಲೆ ಮುಟ್ಟಿದರ ಅದು ಬಿಡೂದಿಲ್ಲ ಹುಚ್ಚಿ, ನೀರಾಗ ಅದ್ದಿ ಮುಟ್ಟು” ಎಂದು ತಾನೇ ಕಲಿಸಿದ್ದಳು. ನುಣ್ಣನೆಯ ಕೈ, ಹಸಿ ಕೈ. ಇಷ್ಟೇ ಅಲ್ಲವೇ ಎರೆಮಣ್ಣಿನ ಗುಟ್ಟು? ತಾನು ಮುಂಜಾನೆಯಿಂದ ಮಾಡಿದ್ದೆಲ್ಲ ಅದಕ್ಕೆ ವಿರುದ್ಧ. ಗಾಲಿಯನ್ನು ಒರಟು ಮಾಡಿಕೊಂಡು, ಒಣ ನೆಲ ಹುಡುಕಿಕೊಂಡು ಬಂದಿದ್ದಳು.

ಎದ್ದು ಹೋಗಿ, ಬುತ್ತಿಯ ಚೀಲದಿಂದ ಮಾವಿನಹಣ್ಣು ಕೊಯ್ಯಲು ತಂದ ಚಾಕು ತೆಗೆದಳು.

ಹಗ್ಗ ಕೊಯ್ಯುವ ಸದ್ದು ರಾಯರಿಗೆ ಕೇಳಿಸಿತು. “ಏ ಕಾಶಿ! ಏನ ಮಾಡ್ಲಿಕ್ಕತ್ತಿ?”

“ಬಿಚ್ಚಲಿಕ್ಕತ್ತೇನಿ.”

“ತಲಿ ಕೆಟ್ಟದೇನು? ಇದ್ದದ್ದೂ ತಗದ್ರ ಆ ನುಣ್ಣನ ಟಾಯರು ಎಲ್ಲಿ ನಿಲ್ತಾವ? ಜಾರಿ ಹೊಲದಾಗ ಹೋಗಿ ಬೀಳತೇವಿ. ಅಲ್ಲೆ ಹಿಮದಾಗ—”

“ಅಲ್ಲೆ ಹಿಮರೀ. ಇಲ್ಲೆ ಎರಿ. ಹಿಮ ಕೈಗೆ ಅಂಟತದೇನ್ರಿ?”

“ಇಲ್ಲ” ಎಂದರು ರಾಯರು. “ಝಾಡಿಸಿದ್ರ ಉದರತದ.”

“ಇದು ಉದರೂದಿಲ್ಲ. ಇದಕ್ಕ ಹಿಡಕೊಳ್ಳಿಕ್ಕೆ ಏನೂ ಕೊಡಬಾರದು. ನೀರಾಗ ಹೋಗೂಣು.”

ಹಗ್ಗದ ತುಂಡುಗಳನ್ನು ಹಿಂದಿನ ಸೀಟಿಗೆ ಎಸೆದು, ಗಾಲಿ ಕೆತ್ತಿ ತೊಳೆದಳು. ಸೀರೆಯ ಕಚ್ಚೆ ಬಿಗಿ ಮಾಡಿಕೊಂಡು ಬದಿಯ ತಗ್ಗಿಗೆ ಇಳಿದಳು. ನೀರು ಮೊಣಕಾಲಿನವರೆಗೂ ಇರಲಿಲ್ಲ. ನೀರಿನಡಿಯ ನೆಲವನ್ನು ಅಂಗಾಲಿನಿಂದ ಒತ್ತಿ ನೋಡಿದಳು. ಮೇಲಿನ ಮಣ್ಣು ಹರಿದು ಹೋಗಿ ಸಣ್ಣ ಸಣ್ಣ ಹರಳುಕಲ್ಲು ಕಾಲಿಗೆ ಹತ್ತುತ್ತಿತ್ತು. ನೋಟ ಹೋಗುವಷ್ಟು ದೂರ ನಡೆದು, ಹಾಗೇ ಹಿಂದಿರುಗಿ ಬಂದಳು.

“ಹತ್ರಿ” ಎಂದಳು.

ರಾಯರು ಹತ್ತಿ ಕೂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು. ಆದರೂ ಗಾಡಿ ತಗ್ಗಿಗೆ ಇಳಿದು ಹಿಂಭಾಗ ಒಮ್ಮೆ ಪಕ್ಕಕ್ಕೆ ಸರಿದಾಗ ಅವರೇ ಕೂಗಿದರು, “ಬ್ರೇಕ್ ಒತ್ತಬ್ಯಾಡ! ಒತ್ತಬ್ಯಾಡ ಕಾಶಿ! ಹಿಂದಿಂದು ಯಾವ ಕಡೆ ಜಾರತದ, ಆ ಕಡೇನ ಸಾವಕಾಶ ತಿರುಗಿಸು.”

ಅವಳ ಕಾಲು ಬ್ರೇಕಿನ ಮೇಲೆ ಹೋಗಿತ್ತು. ತೆಗೆದಳು. ಮನಸ್ಸೆಲ್ಲ ಒತ್ತು ಒತ್ತು ಎನ್ನುತ್ತಿದ್ದರೂ ತೆಗೆದಳು. ಚಕ್ರವನ್ನು ಜಾರಿದ ಕಡೆಗೇ ಮೆಲ್ಲಗೆ ತಿರುಗಿಸಿದಳು. ಗಾಡಿ ಒಮ್ಮೆ ತೂಗಿ ನೆಟ್ಟಗಾಯಿತು.

“ಇದೂ ಹಿಮದ್ದೇನ್ರಿ?”

“ಇದೂ ಹಿಮದ್ದ.”

“ಇದನ್ನ ಮೊದಲ ಹೇಳಬಾರದೇನು? ಸುಮ್ಮನ ಬಾವಿಹಗ್ಗಾ ಕೊಯ್ಯಿಸಿದ್ರಿ.”

ಹೀಗೆ ಹೋದರು. ನೀರು ಎರಡೂ ಬದಿಗೆ ಚಿಮ್ಮುತ್ತಿತ್ತು, ನುಣುಪು ಗಾಲಿಗಳು ತಿರುಗುತ್ತ ತಿರುಗುತ್ತ ತಾವೇ ತೊಳೆದುಕೊಳ್ಳುತ್ತಿದ್ದವು. ನೀರು ಕಡಿಮೆಯಾದಲ್ಲಿ ಅವಳು ಇಳಿದು, ನಡೆದು ನೋಡಿ, ಮತ್ತೆ ಬಂದು ಕೂಡುತ್ತಿದ್ದಳು. ಒಂದು ಕಡೆ ತಗ್ಗು ಮುಗಿದೇಹೋಯಿತು. ಅಲ್ಲಿ ಇಬ್ಬರೂ ಡಬ್ಬಿಯಲ್ಲಿ ನೀರು ತುಂಬಿ ತಂದು ಗಾಲಿಗಳಿಗೆ ಸುರಿಯುತ್ತ, ಮಗುವಿಗೆ ಎರೆದಂತೆ ಎರೆಯುತ್ತ, ಆ ಒಣ ತುಂಡನ್ನು ದಾಟಿಸಿದರು. ಅವಳ ಸೊಂಟ ಬಿದ್ದುಹೋದಂತಾಗಿತ್ತು. ನಿಲ್ಲಲಿಲ್ಲ.

ಹೊಸಕೇರಿಯ ಅಗಸೆಬಾಗಿಲು ದಾಟುವಾಗ ಸೂರ್ಯ ಇನ್ನೂ ಜಾಲಿಗಿಡದ ಮೇಲಿದ್ದ.

ಪಂಢರಿನಾಥರಾಯರು ಕಟ್ಟೆಯ ಮೇಲೆ ಕೂತು ಪಂಢರಪುರದ ಗಂಟು ಕಟ್ಟುತ್ತಿದ್ದರು. ಅವರ ಹಿಂದೆ ಗೋಡೆಯ ಮಾಡದಲ್ಲಿ ಐದು ಮಣ್ಣೆತ್ತು, ಕೊಂಬಿಗೆ ಕುಸುಬೆಯ ಕಾಳು. ಮಣ್ಣಿನಲ್ಲಿ ಅದ್ದಿ ತೆಗೆದಂತಿದ್ದ ಗಾಡಿಯನ್ನೂ ಅದರಿಂದ ಇಳಿದ ಹೆಂಗಸನ್ನೂ ನೋಡಿ ಅವರ ಕೈಯ ಗಂಟು ಸಡಿಲಾಯಿತು.

“ಅಮಾವಾಸಿ ದಿವಸ ಬಂಡಿ ಹೂಡಿಸಿದಿರೇನು?” ಎಂದರು. ಮೊದಲು ಸಿಕ್ಕ ತಪ್ಪು ಅದೇ ಇರಬೇಕು.

“ಎತ್ತು ಹೂಡಿಲ್ರಿ ಕಾಕಾ. ನೋಡ್ರಿ, ನೊಗ ಎಲ್ಲದ?”

“ಇದರ ಎತ್ತು ಪೆಟ್ರೋಲ್ ಕುಡೀತದ, ಅಮಾವಾಸಿ ಅದಕ್ಕ ತಿಳಿಯೂದಿಲ್ರಿ” ಎಂದರು ತ್ರ್ಯಂಬಕರಾಯರು, ಕಟ್ಟೆಯನ್ನು ಕೈಯಿಂದ ತಡವಿ ಕೂಡುತ್ತ.

ಮುದುಕರು ನಗಲಿಲ್ಲ. “ಇವತ್ತ ಹೊಸ್ತಿಲಾ ದಾಟೂ ದಿವಸಲ್ಲ. ಹೆಣ್ಣುಮಗಳು—”

“ದಿವಸ ನೀವ ಹೇಳಿದ್ರಿ ಕಾಕಾ” ಎಂದಳು ಕಾಶೀಬಾಯಿ. ದನಿ ಏರಿಸಲಿಲ್ಲ. ಮೊಣಕಾಲಿನವರೆಗೆ ಕಪ್ಪಾದ ಕಾಲುಗಳನ್ನು ಅಂಗಳದಲ್ಲಿ ಜೋಡಿಸಿ ನಿಂತಿದ್ದಳು. “ಹೊತ್ತು ಮುಳುಗೂದ್ರಾಗ ಅಂದ್ರಿ. ನಾ ಬಂದೇನಿ. ಮುಳುಗೂತನಕ ಇಲ್ಲೇ ನಿಲ್ಲಂದ್ರ ನಿಲ್ತೇನಿ. ಆದ್ರ ಆಕಿನ್ನ ಕರಕೊಂಡ ಹೋಗಾಕಿ.”

ಅಷ್ಟು ಹೊತ್ತಿಗೆ ಮೋಟಾರು ನೋಡಲು ಓಣಿಯ ಜನ ಸೇರಿದ್ದರು. ಅವರ ಮುಂದೆ ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವುದು ಪಂಢರಿನಾಥರಾಯರಿಗೂ ಆಗದು. ಅವರು ಸೂರ್ಯನನ್ನು ನೋಡಿದರು, ಜನರನ್ನು ನೋಡಿದರು, ಕೊನೆಗೆ ಗಂಟನ್ನೇ ನೋಡುತ್ತ, “ಗೋದಾ” ಎಂದು ಒಳಗೆ ಕರೆದರು.

ಗೋದಾಬಾಯಿ ಟ್ರಂಕು ಹಿಡಿದುಕೊಂಡೇ ಬಂದಳು. ಮಾವನಿಗೆ ನಮಸ್ಕಾರ ಮಾಡಿದಳು. ಮಾಡದಲ್ಲಿದ್ದ ಮಣ್ಣೆತ್ತುಗಳಿಗೂ ಕೈಮುಗಿದಳು. ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಂದದ್ದಕ್ಕೆ ಆಶ್ಚರ್ಯವೇ ಇಲ್ಲದವಳಂತೆ, “ಕಾಲಾದ್ರೂ ತೊಳಕೋಬಾರದೇನ ಅಕ್ಕಾ?” ಎಂದಳು.

“ಬ್ಯಾಡ. ದಾರ್ಯಾಗ ನೀರದ. ಲಗೂ ಹತ್ತು.”

ಹಿಂದಿನ ಸೀಟಿನಲ್ಲಿ ಗೋದಾಬಾಯಿ ಹಗ್ಗದ ತುಂಡುಗಳನ್ನು ಸರಿಸಿ ಟ್ರಂಕಿಗೆ ಜಾಗ ಮಾಡಿಕೊಂಡಳು. ಊರು ದಾಟಿದ ಮೇಲೆ, “ಇದೇನು, ಬಾವಿಹಗ್ಗ ಯಾಕ ತಂದೀರಿ ಭಾವಾ?” ಎಂದು ಕೇಳಿದಳು.

ತ್ರ್ಯಂಬಕರಾಯರು ಕೆಮ್ಮಿದರು.

“ಹಿಮ ಬಿದ್ರ ಬೇಕಾಗ್ತದಂತ ಇಟಗೊಂಡಾರ” ಎಂದಳು ಕಾಶೀಬಾಯಿ. ಮುಂದೆ ದಾರಿಯ ಬದಿಯಲ್ಲಿ ನೀರು ಕೆಂಪಗೆ ಹೊಳೆಯುತ್ತಿತ್ತು. ಬ್ರೇಕಿನಿಂದ ಕಾಲು ದೂರ ಇಟ್ಟುಕೊಂಡು, ಗಾಡಿಯನ್ನು ಮೆಲ್ಲಗೆ ಅದರೊಳಗೆ ಇಳಿಸಿದಳು.